ಸಂಖ್ಯೆಗಳಿಂದ ಮೇಲ್ಮೈಗಳಿಗೆ: ಗಣಿತಜ್ಞ ಸಿ. ಪಿ. ರಾಮಾನುಜಂ

ಅಟ್ಲಾಂಟಾದ ಕನ್ನಡ ಕೂಟವೊಂದರಲ್ಲಿ ಕೆಲವು ವರ್ಷಗಳ ಹಿಂದೆ ನಾನು ರಾಮಾನುಜಂ ಅವರ ಬಗ್ಗೆ ಹತ್ತು ನಿಮಿಷ ಮಾತನಾಡಿದ್ದೆ. ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳೆಲ್ಲ ಕುಂಭಕೋಣದ ಶ್ರೀನಿವಾಸ ರಾಮಾನುಜನ್ ಅವರನ್ನು ಕುರಿತವೇ ಆಗಿದ್ದವು. ಅದರಲ್ಲಿ ಕೇಳುಗರ ತಪ್ಪೇನೂ ಇಲ್ಲ. ನಮ್ಮೂರಿನ ಎಮರಿ ವಿಶ್ವವಿದ್ಯಾಲಯದಲ್ಲಿದ್ದ ಕೆನ್ ಓನೋ ಅವರು ಸಂಖ್ಯಾವಿಭಜನೆಯ ಬಗ್ಗೆ 2011ರಲ್ಲಿ ಪ್ರಕಟಿಸಿದ ಫಲಿತಾಂಶ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಗಿತ್ತು. 2015ರ ಚಲನಚಿತ್ರವನ್ನು ಬಹುಮಂದಿ ನೋಡಿದ್ದರು. ಇಬ್ಬರ ಹೆಸರಿಗೂ ಮೂಲ ಮೇಲುಕೋಟೆಯಲ್ಲಿ ನೆಲೆಸಿದ್ದ ಆ ಆಚಾರ್ಯರೇ. ಕೊನೆಯ ಒಂದು ಅಕ್ಷರದ ಅಂತರ ಕಿವಿಗೆ ದಕ್ಕುವುದು ಕಷ್ಟ. ಆದರೆ ಈ ಎರಡನೆಯ ರಾಮಾನುಜಂ ತಮ್ಮ ಕೊನೆಯ ದಿನಗಳನ್ನು ಕಳೆದದ್ದು ನಮ್ಮ ಬೆಂಗಳೂರಿನಲ್ಲಿ, ತೀರಿಕೊಂಡದ್ದೂ ಅಲ್ಲಿಯೇ. ಬೆಂಗಳೂರಿನಲ್ಲಿ ಸ್ನಾತಕೋತ್ತರ ಗಣಿತವನ್ನು ಓದುತ್ತಿದ್ದ ಕಾಲದಲ್ಲಿ ನನ್ನ ಅಧ್ಯಾಪಕರು ಆ ಹೆಸರನ್ನು ಸ್ವಲ್ಪ ತಗ್ಗಿದ ಧ್ವನಿಯಲ್ಲಿ ಹೇಳುತ್ತಿದ್ದರು. ಆ ತಗ್ಗಿದ ಧ್ವನಿಯೇ ನನ್ನನ್ನು ಅವರ ಬರಹಗಳ ಬಳಿಗೆ ಕರೆದೊಯ್ದಿತು ಎಂದರೆ ಸುಳ್ಳಲ್ಲ.

ಚಕ್ರವರ್ತಿ ಪದ್ಮನಾಭನ್ ರಾಮಾನುಜಂ ಹುಟ್ಟಿದ್ದು ಮದರಾಸಿನಲ್ಲಿ, 1938ರ ಜನವರಿ 9ರಂದು. ಏಳು ಮಕ್ಕಳಲ್ಲಿ ಹಿರಿಯರು. ತಂದೆ ಮದರಾಸು ಹೈಕೋರ್ಟಿನಲ್ಲಿ ವಕೀಲರು. ವೇಪೇರಿಯ ಶಾಲೆಗಳಲ್ಲಿ ಓದು. ಬಳಿಕ ಲೊಯೋಲಾ ಕಾಲೇಜು. ಅಲ್ಲಿ ಫಾದರ್ ಚಾರ್ಲ್ಸ್ ರಸೀನ್ ಎಂಬ ಫ್ರೆಂಚ್ ಜೆಸೂಟ್ ಪಾದ್ರಿ ಗಣಿತ ಪಾಠ ಹೇಳುತ್ತಿದ್ದರು. ಪರೀಕ್ಷೆಯ ಪಠ್ಯವನ್ನು ಮೀರಿದ ಹೊಸ ಗಣಿತವನ್ನು ದಕ್ಷಿಣ ಭಾರತದ ಹುಡುಗರಿಗೆ ತೋರಿಸಿಕೊಟ್ಟವರಲ್ಲಿ ಅವರು ಮೊದಲಿಗರೆನ್ನಬೇಕು. ಒಂದು ಪೀಳಿಗೆಯ ಗಣಿತಜ್ಞರನ್ನು ಅವರು ಬೊಂಬಾಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ ಕಳುಹಿಸಿಕೊಟ್ಟರು. ಆನರ್ಸ್ ಪರೀಕ್ಷೆಯಲ್ಲಿ ರಾಮಾನುಜಂ ಅವರಿಗೆ ದೊರೆತದ್ದು ಎರಡನೆಯ ದರ್ಜೆ ಮಾತ್ರ. ರಸೀನ್ ಆ ಅಂಕಪಟ್ಟಿಯನ್ನು ನಂಬಲಿಲ್ಲ, ಹುಡುಗನನ್ನು ನಂಬಿದರು. 1957ರ ಅಕ್ಟೋಬರಿನಲ್ಲಿ ಗೆಳೆಯ ರಾಘವನ್ ನರಸಿಂಹನ್ ಅವರೊಡನೆ ರಾಮಾನುಜಂ ಟಾಟಾ ಸಂಸ್ಥೆಯನ್ನು ಸೇರಿದರು.

ಅಲ್ಲಿ ಕೆ. ಜಿ. ರಾಮನಾಥನ್ ಅವರ ಮಾರ್ಗದರ್ಶನದಲ್ಲಿ ಅವರು ಮೊದಲು ಕೈಹಾಕಿದ್ದು ಸಂಖ್ಯಾಶಾಸ್ತ್ರಕ್ಕೆ. ಲೆಕ್ಕ ಹೀಗಿದೆ. ಪೂರ್ಣಾಂಕಗಳ ಗುಣಕಗಳಿರುವ ಒಂದು ಸಮಘಾತ ಘನ ಸಮೀಕರಣವನ್ನು ತೆಗೆದುಕೊಳ್ಳಿ. ಎಲ್ಲ ಚರಾಕ್ಷರಗಳನ್ನೂ ಸೊನ್ನೆಯಾಗಿಸುವ ಸೋಮಾರಿ ಉತ್ತರವನ್ನು ಬಿಟ್ಟು ಬೇರೆ ಉತ್ತರ ಇದೆಯೇ? ಚರಾಕ್ಷರಗಳು ಕಡಿಮೆಯಿದ್ದರೆ ಇರಲಿಕ್ಕಿಲ್ಲ, ಸಾಕಷ್ಟಿದ್ದರೆ ಇರಲೇಬೇಕು. ಸಾಕಷ್ಟು ಎಂದರೆ ಎಷ್ಟು ಎಂಬುದೇ ಪ್ರಶ್ನೆ. ಇಂಗ್ಲೆಂಡಿನ ಹೆರಾಲ್ಡ್ ಡೇವನ್‌ಪೋರ್ಟ್ 1959ರಲ್ಲಿ 32 ಸಾಕೆಂದು ತೋರಿಸಿದ್ದರು, ಮುಂದೆ ಅದನ್ನು 16ಕ್ಕೆ ಇಳಿಸಿದರು. ಅವು ಸಾಮಾನ್ಯ ಸಂಖ್ಯೆಗಳ ಮಾತು. ರಾಮಾನುಜಂ 1963ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಯಾವ ಬೈಜಿಕ ಸಂಖ್ಯಾಕ್ಷೇತ್ರವನ್ನೇ ತೆಗೆದುಕೊಂಡರೂ 54 ಚರಾಕ್ಷರಗಳು ಸಾಕೆಂದು ಸಾಧಿಸಿದರು. ಇಲ್ಲಿ 54 ಎಂಬ ಅಂಕೆಗಿಂತ ಮುಖ್ಯವಾದದ್ದು ಅದು ಕ್ಷೇತ್ರದೊಡನೆ ಬೆಳೆಯದೆ ಒಂದೇ ಆಗಿ ನಿಲ್ಲುತ್ತದೆ ಎಂಬುದು. 1975ರಲ್ಲಿ ಪ್ಲೆಸೆಂಟ್ಸ್ ಎಂಬವರು ಇಲ್ಲಿಯೂ ಅದನ್ನು 16ಕ್ಕೆ ತಂದರು. ಈ ಕೆಲಸಕ್ಕೆ ಬಳಸಿದ ವೃತ್ತ ವಿಧಾನ ಹುಟ್ಟಿದ್ದು 1918ರಲ್ಲಿ, ಹಾರ್ಡಿ ಮತ್ತು ಶ್ರೀನಿವಾಸ ರಾಮಾನುಜನ್ ಜೊತೆಯಾಗಿ ಬರೆದ ಲೇಖನದಲ್ಲಿ. ಹಾಗಾಗಿ ಅಟ್ಲಾಂಟಾದ ನನ್ನ ಕೇಳುಗರು ಇಬ್ಬರನ್ನು ಬೆರೆಸಿದ್ದು ಒಂದು ಅರ್ಥದಲ್ಲಿ ಅಷ್ಟೇನೂ ಅಪಚಾರವಲ್ಲ.

ಅದೇ ವರ್ಷ ಮತ್ತೊಂದು ಲೇಖನದಲ್ಲಿ, ಸಂಖ್ಯಾಕ್ಷೇತ್ರಗಳಲ್ಲಿ ಘಾತಗಳ ಮೊತ್ತಗಳನ್ನು ಕುರಿತು ಸೀಗಲ್ ಎತ್ತಿದ್ದ ಪ್ರಶ್ನೆಯೊಂದನ್ನು ಅವರು ಬಿಡಿಸಿದರು. ಇಂಗ್ಲೆಂಡಿನಲ್ಲಿ ಬರ್ಚ್ ಕೂಡ ಸ್ವತಂತ್ರವಾಗಿ ಅದೇ ದಾರಿಯಲ್ಲಿದ್ದರು. ಸಂಸ್ಥೆ ಅವರಿಗೆ ಸಹಪ್ರಾಧ್ಯಾಪಕರ ಸ್ಥಾನವನ್ನು ಕೊಟ್ಟಾಗ ತಮಗೆ ಅದಕ್ಕೆ ಅರ್ಹತೆಯಿಲ್ಲವೆಂದು ಅವರು ಪ್ರತಿಭಟಿಸಿದರು. ಹಿರಿಯರು ಒಪ್ಪಿಸಬೇಕಾಯಿತು. ಇದನ್ನು ವಿನಯವೆಂದು ಓದಿಕೊಳ್ಳುವುದು ಸುಲಭ; ಹಾಗೆ ಓದಿಕೊಂಡವರೇ ಹೆಚ್ಚು. ನನಗೆ ಈಗ ಅದು ವಿನಯವಷ್ಟೇ ಆಗಿತ್ತೆಂದು ಅನ್ನಿಸುವುದಿಲ್ಲ.

ಇಲ್ಲಿ ಕಥೆಗೆ ಮತ್ತೊಬ್ಬರು ಬರಬೇಕು: ಮಾಸ್ಕೋದ ಇಗೋರ್ ಶಫರೇವಿಚ್. ಅವರು ತಂದ ವಿಚಾರವನ್ನು ತಿಳಿಯಲು ಪರಸ್ಪರತೆಯ ನಿಯಮವೆಂದರೇನು ಎಂದು ಸ್ವಲ್ಪ ಹೇಳಲೇಬೇಕು. ಓದುಗರು ಕಾಗದ ಪೆನ್ಸಿಲು ಹಿಡಿದರೆ ಸಂತೋಷ. 5ನ್ನು ತೆಗೆದುಕೊಳ್ಳೋಣ. ಒಂದು ಅವಿಭಾಜ್ಯ ಸಂಖ್ಯೆಯಿಂದ ಭಾಗಿಸಿದಾಗ ಶೇಷ 5 ಉಳಿಯುವಂಥ ವರ್ಗಸಂಖ್ಯೆ ಯಾವಾಗ ಸಿಗುತ್ತದೆ? 11ಕ್ಕೆ ಸಿಗುತ್ತದೆ: 4ರ ವರ್ಗ 16, ಅದು 11 ಕೂಡಿಸು 5. 19ಕ್ಕೂ ಸಿಗುತ್ತದೆ: 9ರ ವರ್ಗ 81, ಅದು 76 ಕೂಡಿಸು 5. 29ಕ್ಕೂ ಉಂಟು: 11ರ ವರ್ಗ 121, ಅದು 116 ಕೂಡಿಸು 5. ಆದರೆ 7, 13, 17 ಇವುಗಳಿಗೆ ಎಷ್ಟು ಹುಡುಕಿದರೂ ಸಿಗದು. 5ಕ್ಕಿಂತ ದೊಡ್ಡ ಬೆಸ ಅವಿಭಾಜ್ಯ ಸಂಖ್ಯೆಯ ಕೊನೆಯ ಅಂಕೆ 1 ಅಥವಾ 9 ಆಗಿದ್ದರೆ ಸಿಗುತ್ತದೆ, 3 ಅಥವಾ 7 ಆಗಿದ್ದರೆ ಇಲ್ಲ. ಅಂದರೆ 11ರ ಎದುರಿನಲ್ಲಿ 5ರ ಸ್ಥಿತಿಯನ್ನು ನಿರ್ಧರಿಸುವುದು 5ರ ಎದುರಿನಲ್ಲಿ 11ರ ಸ್ಥಿತಿ. ಒಂದಕ್ಕೊಂದು ಏನೂ ಸಂಬಂಧವಿಲ್ಲದಂತೆ ಕಾಣುವ ಎರಡು ಅವಿಭಾಜ್ಯ ಸಂಖ್ಯೆಗಳು ಹೀಗೆ ಕೊಟ್ಟು ಕೊಳ್ಳುವ ನಂಟಸ್ತಿಕೆಯಲ್ಲಿ ಬಾಳುತ್ತವೆ. ಗೌಸ್ 1796ರಲ್ಲಿ ಇದನ್ನು ಮೊದಲಿಗೆ ಸಾಧಿಸಿದಾಗ ಅವರಿಗೆ ಇನ್ನೂ 19 ತುಂಬಿರಲಿಲ್ಲ. ಎಲ್ಲ ಘಾತಗಳಿಗೂ ಎಲ್ಲ ಸಂಖ್ಯಾಕ್ಷೇತ್ರಗಳಿಗೂ ಸಲ್ಲುವ ನಿಯಮವನ್ನು ಹುಡುಕುವುದು 1900ರಲ್ಲಿ ಹಿಲ್ಬರ್ಟ್ ಇಟ್ಟ ಸಮಸ್ಯೆಗಳಲ್ಲಿ ಒಂಬತ್ತನೆಯದು. ಎಮಿಲ್ ಆರ್ಟಿನ್ 1927ರಲ್ಲಿ ಅದರ ಮುಖ್ಯ ತತ್ತ್ವವನ್ನು ಸಾಧಿಸಿದರು. ಅದಕ್ಕೆ ಸ್ಪಷ್ಟವಾದ ಸೂತ್ರರೂಪವನ್ನು ಶಫರೇವಿಚ್ 1950ರಲ್ಲಿ ಕೊಟ್ಟರು.

ಶಫರೇವಿಚ್ ಅವರಿಗೆ ಹೊಳೆದ ಸಾದೃಶ್ಯ ಇದು. ಒಂದು ವಕ್ರರೇಖೆಯ ಮೇಲೆ ಒಂದು ಫಲನವಿದ್ದರೆ, ಅದು ಸ್ಫೋಟಿಸುವ ಬಿಂದುಗಳಲ್ಲೆಲ್ಲ ಉಳಿಯುವ ಶೇಷಗಳನ್ನು ಕೂಡಿಸಿದಾಗ ಮೊತ್ತ ಸೊನ್ನೆ. ಪರಸ್ಪರತೆಯ ನಿಯಮವೂ ಅಂಥದೇ: ಪ್ರತಿ ಅವಿಭಾಜ್ಯ ಸಂಖ್ಯೆಯನ್ನೂ ಒಂದು ಬಿಂದುವೆಂದು ಭಾವಿಸಿ, ಆಯಾ ಬಿಂದುವಿನಲ್ಲಿ ಬರುವ ಚಿಹ್ನೆಗಳನ್ನು ಗುಣಿಸಿದರೆ ಗುಣಲಬ್ಧ 1. ಅಂದಮೇಲೆ ಪೂರ್ಣಾಂಕಗಳ ಪ್ರಪಂಚವೇ ಒಂದು ವಕ್ರರೇಖೆಯಂತಿದೆ. ಹಾಗಿದ್ದರೆ ಪೂರ್ಣಾಂಕಗಳ ಮೇಲೆ ನಿಂತ ಒಂದು ವಕ್ರರೇಖೆಯ ಸಮೀಕರಣವೋ? ಅದು ರೇಖೆಯ ಮೇಲೆ ನಿಂತ ರೇಖೆ, ಎಂದರೆ ಮೇಲ್ಮೈ. ಸಂಖ್ಯೆಗಳನ್ನು ಹಿಡಿದು ಹೊರಟವನು ಈ ದಾರಿಯಲ್ಲಿ ಮೇಲ್ಮೈಗಳ ಜ್ಯಾಮಿತಿಗೆ ಬಂದೇ ತೀರಬೇಕು. ಶಫರೇವಿಚ್ ಹಾಗೆಯೇ ಬಂದರು. 1960ರ ದಶಕದ ಮೊದಲಲ್ಲಿ ಮಾಸ್ಕೋದಲ್ಲಿ ಶಿಷ್ಯರೊಡನೆ ಬೈಜಿಕ ಮೇಲ್ಮೈಗಳ ಮೇಲೆ ಗೋಷ್ಠಿ ನಡೆಸಿದರು. ಆ ದಶಕದ ನಡುವಿನಲ್ಲಿ ಬೊಂಬಾಯಿಗೆ ಬಂದು ಎರಡು ಆಯಾಮದ ಸ್ಕೀಮುಗಳನ್ನು ಕುರಿತು ಉಪನ್ಯಾಸಮಾಲೆಯನ್ನು ಕೊಟ್ಟರು. ಅದನ್ನು ಬರೆದುಕೊಳ್ಳುವ ಹೊಣೆ ಬಿದ್ದದ್ದು ರಾಮಾನುಜಂ ಅವರ ಮೇಲೆ.

ವ್ಯಾಸರಿಗೆ ಗಣಪತಿ ಲಿಪಿಕಾರನಾದ ಕಥೆ ನಮಗೆಲ್ಲ ಗೊತ್ತು; ಅರ್ಥ ಮಾಡಿಕೊಳ್ಳದೆ ಒಂದಕ್ಷರವನ್ನೂ ಬರೆಯಬಾರದೆಂಬುದು ಅಲ್ಲಿಯ ಕರಾರು. ಈ ಲಿಪಿಕಾರ ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋದರು. ತಪ್ಪುಗಳನ್ನು ತಿದ್ದಿದ್ದಲ್ಲದೆ ಅನೇಕ ಸಾಧನೆಗಳನ್ನು ತಾವೇ ಪೂರ್ತಿಗೊಳಿಸಿದರು. ಶಫರೇವಿಚ್ ಅದನ್ನು ಪತ್ರದಲ್ಲಿ ಮನಸಾರೆ ಒಪ್ಪಿಕೊಂಡರು. ಟಿಪ್ಪಣಿಗಳು 1966ರಲ್ಲಿ ಪುಸ್ತಕವಾದವು. ಮತ್ತೆ 1967-68ರ ಚಳಿಗಾಲದಲ್ಲಿ ಹಾರ್ವರ್ಡಿನ ಡೇವಿಡ್ ಮಮ್‌ಫೋರ್ಡ್ ಬಂದು ಆಬೆಲಿಯನ್ ವೈವಿಧ್ಯಗಳ ಮೇಲೆ ಪಾಠ ಹೇಳಿದರು. ಲಿಪಿಕಾರ ಮತ್ತೆ ರಾಮಾನುಜಂ. ಆ ಗ್ರಂಥ ಇಂದಿಗೂ ಆ ವಿಷಯದ ಆಕರ. ಅದರ ಎರಡನೆಯ ಆವೃತ್ತಿಯಲ್ಲಿ ರಾಮಾನುಜಂ ಬರೆದ ಅನುಬಂಧವೂ ಸೇರಿದೆ. ನನ್ನ ವಿದ್ಯಾರ್ಥಿದೆಸೆಯಲ್ಲಿ ನಾನು ಮೊದಲು ಓದಿದ ರಾಮಾನುಜಂ ಅದೇ, ಬೇರೆಯವರ ಪುಸ್ತಕದ ಕೊನೆಯ ಪುಟಗಳಲ್ಲಿ. ಮೂಲಗ್ರಂಥಗಳನ್ನು ಮೂಲದಲ್ಲೇ ಓದಬೇಕೆಂದು ಅವರು ಜರ್ಮನ್, ಇಟಾಲಿಯನ್, ರಷ್ಯನ್, ಫ್ರೆಂಚ್ ಭಾಷೆಗಳನ್ನು ತಾವೇ ಕಲಿತುಕೊಂಡಿದ್ದರು. ಡಾಕ್ಟರೇಟಿಗೆ ಮಾತ್ರ ಅವಸರವಿರಲಿಲ್ಲ; 1967ರ ಮೌಖಿಕ ಪರೀಕ್ಷೆಗೆ ಪರೀಕ್ಷಕರಾಗಿ ಬಂದ ಸೀಗಲ್ ಅವರ ಆಳವನ್ನು ಕಂಡು ಬೆರಗಾದರು.

ಈ ವರ್ಷಗಳ ನಡುವೆಯೇ ಕಾಯಿಲೆ ಬಂದದ್ದು. 1964ರಲ್ಲಿ ವೈದ್ಯರು ಸ್ಕಿಜೋಫ್ರೇನಿಯಾ ಮತ್ತು ತೀವ್ರ ಖಿನ್ನತೆ ಎಂದು ಗುರುತಿಸಿದರು. ಮುಂದಿನ ಹತ್ತು ವರ್ಷ ಅವರ ಬದುಕಿನ ವಿಳಾಸಗಳು ಬದಲಾಗುತ್ತ ಹೋದದ್ದಕ್ಕೆ ಇದೇ ಕಾರಣ: ಟಾಟಾ ಸಂಸ್ಥೆಯನ್ನು ಬಿಟ್ಟದ್ದು, ಚಂಡೀಗಢದಲ್ಲಿ ಪ್ರಾಧ್ಯಾಪಕರಾಗಿ ಸುಮಾರು ಎಂಟು ತಿಂಗಳು ಇದ್ದದ್ದು, ಚಿಕಿತ್ಸೆಗೆಂದು ಮದರಾಸಿಗೆ ಬಂದದ್ದು, ಮತ್ತೆ ಬೊಂಬಾಯಿ, ಪ್ಯಾರಿಸ್ಸಿಗೆ ಹೋಗಿ ಅವಧಿಗೆ ಮುಂಚೆಯೇ ಮರಳಿದ್ದು. ಗಣಿತದ ಪ್ರತಿಭೆಗೂ ಮನಸ್ಸಿನ ಕಾಯಿಲೆಗೂ ಒಳನಂಟುಂಟೆಂಬ ರಮ್ಯ ಕಲ್ಪನೆ ನಮ್ಮಲ್ಲಿ ಬೇರೂರಿದೆ. ಸಿನಿಮಾಗಳು ಅದನ್ನು ಇನ್ನಷ್ಟು ಬೆಳೆಸಿವೆ. ರಾಮಾನುಜಂ ಅವರ ಮಟ್ಟಿಗೆ ಅದು ಅನ್ಯಾಯದ ಮಾತು. ಅವರು ಬರೆದದ್ದೆಲ್ಲ ಕಾಯಿಲೆ ಬಿಟ್ಟ ತಿಂಗಳುಗಳಲ್ಲಿ. ಬಂದಾಗಲೆಲ್ಲ ಅದು ಕಿತ್ತುಕೊಂಡು ಹೋಯಿತೇ ಹೊರತು ಏನನ್ನೂ ಕೊಡಲಿಲ್ಲ. ತಮ್ಮ ಕೆಲಸ ಏನೂ ಅಲ್ಲವೆಂದು ಅವರು ಮತ್ತೆ ಮತ್ತೆ ನಂಬಿದರಲ್ಲ, ಆ ನಂಬಿಕೆಯ ಒಂದು ಪಾಲಾದರೂ ಕಾಯಿಲೆಯದೇ ಇರಬೇಕು.

ಬಿಟ್ಟ ತಿಂಗಳುಗಳಲ್ಲಿ ಮಾಡಿದ್ದೇನು? 1970-71ರಲ್ಲಿ ಇಂಗ್ಲೆಂಡಿನ ವಾರಿಕ್ ವಿಶ್ವವಿದ್ಯಾಲಯದಲ್ಲಿ ಬೈಜಿಕ ಜ್ಯಾಮಿತಿಯ ವರ್ಷ ನಡೆಯಿತು; ಮಮ್‌ಫೋರ್ಡ್ ಇದ್ದರು, ರಾಮಾನುಜಂ ಹೋದರು. ಆ ಕಾಲದ ಅವರ ಒಂದು ಲೇಖನ 1971ರಲ್ಲಿ ಪ್ರಿನ್ಸ್‌ಟನ್ನಿನ ಆನಲ್ಸ್ ಪತ್ರಿಕೆಯಲ್ಲಿ ಬಂತು. ನನ್ನ ಅಭಿಪ್ರಾಯದಲ್ಲಿ ಅವರ ಬರಹಗಳಲ್ಲೆಲ್ಲ ಅತ್ಯಂತ ಚೆಲುವಾದದ್ದು ಅದೇ. ಎರಡು ಸಮ್ಮಿಶ್ರ ಚರಾಕ್ಷರಗಳ ಬಯಲು ಮೈದಾನದಂಥ ಸಮತಲವನ್ನು ಕಲ್ಪಿಸಿಕೊಳ್ಳಿ. ಅದರಲ್ಲಿ ಯಾವ ತೂತೂ ಇಲ್ಲ, ಇಡೀ ಬಯಲನ್ನು ಹಂತಹಂತವಾಗಿ ಒಂದು ಬಿಂದುವಿಗೆ ಕುಗ್ಗಿಸಬಹುದು. ಈಗ ಬಹುಪದೋಕ್ತಿಗಳಿಂದ ನಿರೂಪಿತವಾದ, ನಯವಾದ, ಹಾಗೆಯೇ ಕುಗ್ಗಿಸಬಲ್ಲ ಮತ್ತೊಂದು ಮೇಲ್ಮೈ ಸಿಕ್ಕರೆ, ಅದು ಆ ಸಮತಲವೇ ಎಂದು ಹೇಳಬಹುದೇ? ಒಂದು ಆಯಾಮದಲ್ಲಿ, ಎಂದರೆ ವಕ್ರರೇಖೆಗಳಲ್ಲಿ, ಹೌದು. ಎರಡು ಆಯಾಮದಲ್ಲಿ ಇಲ್ಲವೆಂದು ರಾಮಾನುಜಂ ತೋರಿಸಿದರು, ಉದಾಹರಣೆಯನ್ನೂ ಕಟ್ಟಿದರು.

ಕಟ್ಟಿದ ಬಗೆ ಹೀಗೆ. ಪ್ರಕ್ಷೇಪ ಸಮತಲದಲ್ಲಿ ಒಂದು ಶಾಂಕವವನ್ನೂ, ಒಂದು ಕಡೆ ಮುಳ್ಳಿನಂತೆ ಚೂಪಾದ ಒಂದು ಘನ ವಕ್ರರೇಖೆಯನ್ನೂ ಎಳೆಯಿರಿ. 2 ಗುಣಿಸು 3, ಒಟ್ಟು 6 ಬಾರಿ ಅವು ಸಂಧಿಸಬೇಕು. ಒಂದು ಬಿಂದುವಿನಲ್ಲಿ ಐದು ಪಟ್ಟು ಬಿಗಿಯಾಗಿ ತಬ್ಬಿಕೊಂಡು, ಇನ್ನೊಂದರಲ್ಲಿ ಸಾದಾ ಹಾದುಹೋಗುವಂತೆ ಎಳೆಯಬೇಕು. ಆ ಸಾದಾ ಬಿಂದುವನ್ನು ಊದಿ ಅದರ ಜಾಗದಲ್ಲಿ ಒಂದು ರೇಖೆಯನ್ನು ಕೂರಿಸಿ, ಬಳಿಕ ಎರಡೂ ವಕ್ರರೇಖೆಗಳನ್ನು ಕತ್ತರಿಸಿ ತೆಗೆದರೆ ಉಳಿಯುವುದೇ ಇಂದು ರಾಮಾನುಜಂ ಮೇಲ್ಮೈ ಎಂದು ಹೆಸರಾದದ್ದು. ಒಳಗಿನಿಂದ ನೋಡಿದರೆ ಬಯಲಿನಂತೆಯೇ ಕುಗ್ಗುತ್ತದೆ. ವ್ಯತ್ಯಾಸವಿರುವುದು ದಿಗಂತದಲ್ಲಿ. ಬಹುದೂರ ಹೋಗಿ ಅಲ್ಲಿ ಒಂದು ಹಗ್ಗದ ಕುಣಿಕೆಯನ್ನು ಹಾಸಿದರೆ, ನಿಜವಾದ ಸಮತಲದಲ್ಲಿ ಅದನ್ನು ದೂರದಲ್ಲೇ ಇಟ್ಟುಕೊಂಡು ಬಿಗಿದು ಬಿಂದುವಾಗಿಸಬಹುದು. ಈ ಮೇಲ್ಮೈಯಲ್ಲಿ ಕೆಲವು ಕುಣಿಕೆಗಳು ಸಿಕ್ಕಿಹಾಕಿಕೊಳ್ಳುತ್ತವೆ. ದಿಗಂತದಲ್ಲಿಯೂ ಕುಣಿಕೆಗಳೆಲ್ಲ ಬಿಚ್ಚಿಕೊಳ್ಳುವುದಾದರೆ ಆಗ ಆ ಮೇಲ್ಮೈ ಸಮತಲವೇ ಸರಿ, ಬೇರೆಯಾಗಲಾರದು ಎಂಬುದು ಲೇಖನದ ಮುಖ್ಯ ಪ್ರಮೇಯ. 2005ರಲ್ಲಿ ಸೈಡೆಲ್ ಮತ್ತು ಸ್ಮಿತ್ ಎಂಬ ಗಣಿತಜ್ಞರು ಇದೇ ಮೇಲ್ಮೈಯನ್ನು ಹಿಡಿದು ಸಿಂಪ್ಲೆಕ್ಟಿಕ್ ಜ್ಯಾಮಿತಿಯಲ್ಲಿ ಹಿಂದೆ ಯಾರೂ ಕಾಣದ ಉದಾಹರಣೆಗಳನ್ನು ಕಟ್ಟಿದರು. ಅವರ ಲೇಖನದ ಶೀರ್ಷಿಕೆಯಲ್ಲಿಯೇ ರಾಮಾನುಜಂ ಹೆಸರಿದೆ.

1972ರಲ್ಲಿ ಕೊಡೈರಾ ಅವರ ಶೂನ್ಯತಾ ಪ್ರಮೇಯದ ಮೇಲೆ ಒಂದು ಲೇಖನ, 1974ರಲ್ಲಿ ಅದಕ್ಕೆ ಪುರವಣಿ. ಒಂದು ಮೇಲ್ಮೈಯ ಮೇಲೆ ಎಷ್ಟು ಫಲನಗಳಿವೆ ಎಂದು ಎಣಿಸಲು ಹೊರಟಾಗ ಅಡ್ಡಬರುವ ಕೆಲವು ಪದಗಳು ಯಾವಾಗ ಸೊನ್ನೆಯಾಗುತ್ತವೆ ಎಂಬುದು ಅಲ್ಲಿಯ ಪ್ರಶ್ನೆ. ಶೂನ್ಯವನ್ನೇ ಸಂಪಾದನೆಯೆಂದು ಬಗೆದ ನಾಡಿನವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಮೇಲ್ಮೈಗಳ ಮಟ್ಟಿಗೆ ಕೊಡೈರಾ ಕೇಳಿದ್ದಕ್ಕಿಂತ ಸಡಿಲವಾದ ಷರತ್ತು ಸಾಕೆಂದು ರಾಮಾನುಜಂ ತೋರಿಸಿದರು. 1982ರಲ್ಲಿ ಜಪಾನಿನ ಕವಾಮಾತಾ, ಜರ್ಮನಿಯ ಫೀವೆಗ್ ಇದನ್ನು ಎಲ್ಲ ಆಯಾಮಗಳಿಗೂ ವಿಸ್ತರಿಸಿದರು; ಅದಿಲ್ಲದೆ ಇಂದಿನ ಬೈಜಿಕ ಜ್ಯಾಮಿತಿ ಒಂದು ಹೆಜ್ಜೆಯೂ ಇಡದು.

ಈಗ ಬೆಂಗಳೂರು. ಟಾಟಾ ಸಂಸ್ಥೆ ಹುಟ್ಟಿದ್ದೇ ಬೆಂಗಳೂರಿನಲ್ಲಿ ಎಂಬುದು ಅನೇಕರಿಗೆ ಮರೆತಿದೆ. 1945ರ ಜೂನಿನಲ್ಲಿ ಹೋಮಿ ಭಾಭಾ ಅದನ್ನು ಆರಂಭಿಸಿದ್ದು ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದೊಳಗೆ, ಅದೇ ವರ್ಷ ಅದು ಬೊಂಬಾಯಿಗೆ ಹೋಯಿತು. 1970ರ ದಶಕದಲ್ಲಿ ಗಣಿತದ ಅನ್ವಯಗಳಿಗೆ ಮೀಸಲಾದ ಶಾಖೆಯಾಗಿ ಸಂಸ್ಥೆ ಮತ್ತೆ ಅದೇ ಆವರಣಕ್ಕೆ ಮರಳಿತು. ಇಂದು ಆ ಶಾಖೆ ಯಲಹಂಕದ ಕಡೆ ಇದೆ. ಸಂಸ್ಥೆಯಿಂದ ತಮ್ಮನ್ನು ಬಿಟ್ಟುಬಿಡಿರೆಂದು ಕೇಳುತ್ತಿದ್ದ ರಾಮಾನುಜಂ ಅವರನ್ನು ಬಿಡದೆ, ಪ್ರಾಧ್ಯಾಪಕರನ್ನಾಗಿಸಿ ಬೆಂಗಳೂರಿನಲ್ಲಿರಲು ಅನುಕೂಲ ಮಾಡಿಕೊಟ್ಟರು. ಅನ್ವಯಕ್ಕೂ ಅವರಿಗೂ ಏನೂ ಸಂಬಂಧವಿರಲಿಲ್ಲ. ಆದರೂ ಆ ಶಾಖೆಯ ವಿದ್ಯಾರ್ಥಿಗಳಿಗೆ ಅವರು ವಿಶ್ಲೇಷಣೆಯ ಪಾಠ ಹೇಳಿದರು. 1973ರಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿ ಅವರನ್ನು ಫೆಲೋ ಆಗಿ ಆರಿಸಿತು.

1974ರ ಅಕ್ಟೋಬರ್ 27ರಂದು ರಾಮಾನುಜಂ ತಮ್ಮ ಜೀವವನ್ನು ತಾವೇ ಕೊನೆಗಾಣಿಸಿಕೊಂಡರು. ಆಗ ಅವರಿಗೆ 36 ವರ್ಷ. ಅದಾದ ಎರಡು ತಿಂಗಳಿಗೆ, ಡಿಸೆಂಬರ್ 27ರಂದು, ಅದೇ ಊರಿನ ಹಳೆಯ ಮಾನಸಿಕ ಆಸ್ಪತ್ರೆಯೂ ಮಾನಸಿಕ ಆರೋಗ್ಯ ಸಂಸ್ಥೆಯೂ ಒಂದಾಗಿ ನಿಮ್ಹಾನ್ಸ್ ಆಯಿತು. ಈ ಎರಡು ದಿನಾಂಕಗಳ ನಡುವೆ ಕಾರ್ಯಕಾರಣವೇನೂ ಇಲ್ಲ. ಆದರೂ ಬೆಂಗಳೂರಿಗೆ ಹೋದಾಗ ಹೊಸೂರು ರಸ್ತೆಯಲ್ಲಿ ಆ ಫಲಕವನ್ನು ದಾಟುವಾಗಲೆಲ್ಲ ನನಗೆ ಅದು ನೆನಪಾಗುತ್ತದೆ. ನನ್ನ ಅಧ್ಯಾಪಕರ ಧ್ವನಿ ತಗ್ಗುತ್ತಿದ್ದುದು ಸಾವಿನ ಗೌರವಕ್ಕಷ್ಟೇ ಅಲ್ಲ, ಕಾಯಿಲೆಯ ಹೆಸರನ್ನು ಹೇಳಲಾಗದ ಸಂಕೋಚಕ್ಕೂ ಎಂದು ತಿಳಿಯಲು ನನಗೆ ಬಹಳ ವರ್ಷ ಬೇಕಾಯಿತು. ಇಲ್ಲಿ ನಮ್ಮ ಕೂಟಗಳಲ್ಲಿಯೂ ಮಧುಮೇಹ, ಹೃದ್ರೋಗಗಳ ಮಾತು ಊಟದ ಮೇಜಿಗೆ ಬರುತ್ತದೆ. ಈ ಮಾತು ಇನ್ನೂ ಬರುವುದಿಲ್ಲ.

1978ರಲ್ಲಿ ಟಾಟಾ ಸಂಸ್ಥೆ ಅವರ ಲೇಖನಗಳನ್ನೂ ಗೆಳೆಯರ ಸ್ಮರಣೆಗಳನ್ನೂ ಸೇರಿಸಿ ಒಂದು ಸಂಪುಟವನ್ನು ತಂದಿತು. ಇಟಲಿಯ ಜಿನೋವಾದಲ್ಲಿ ಗಣಿತ ಸಂಸ್ಥೆಯ ಸಭಾಂಗಣವೊಂದಕ್ಕೆ ಅವರ ಹೆಸರಿಟ್ಟರು. ಅವರು ಲೇ ಡಂಗ್ ಟ್ರಾಂಗ್ ಎಂಬ ವಿಯೆಟ್ನಾಮೀ ಮೂಲದ ಗಣಿತಜ್ಞರೊಡನೆ ಬರೆದ ಕೊನೆಯ ಲೇಖನ ಅಚ್ಚಾದದ್ದು 1976ರಲ್ಲಿ, ನಮಗೆ ಹತ್ತಿರದ ಬಾಲ್ಟಿಮೋರಿನಿಂದ ಹೊರಡುವ ಅಮೆರಿಕನ್ ಜರ್ನಲ್ ಆಫ್ ಮ್ಯಾಥಮ್ಯಾಟಿಕ್ಸ್ ಪತ್ರಿಕೆಯಲ್ಲಿ. 1878ರಲ್ಲಿ ಸಿಲ್ವೆಸ್ಟರ್ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ಪತ್ರಿಕೆ ಅದು. ಅದೇ ವಿಶ್ವವಿದ್ಯಾಲಯಕ್ಕೆ 1927ರಲ್ಲಿ ಬಂದ ಆಸ್ಕರ್ ಜರಿಸ್ಕಿ 1935ರಲ್ಲಿ ಬೈಜಿಕ ಮೇಲ್ಮೈಗಳ ಮೇಲಿನ ತಮ್ಮ ಗ್ರಂಥವನ್ನು ಪ್ರಕಟಿಸಿದರು. ಮುಂದೆ ಹಾರ್ವರ್ಡಿನಲ್ಲಿ ಮಮ್‌ಫೋರ್ಡ್ ಅವರ ಶಿಷ್ಯರಾದರು. ಒಮ್ಮೆ ಎರಡೂ ಕ್ಯಾರೊಲಿನಾಗಳನ್ನು ಹಾದು ವಾಷಿಂಗ್ಟನ್ನಿನ ನೆಂಟರ ಮನೆಗೆ ಕಾರಿನಲ್ಲಿ ಹೋದಾಗ, ಮತ್ತೊಂದು ಗಂಟೆ ಮುಂದಕ್ಕೆ ಬಾಲ್ಟಿಮೋರಿಗೆ ಹೋಗಿ ನಾನು ಆ ಸಂಪುಟವನ್ನು ಕೈಯಲ್ಲಿ ಹಿಡಿದು ನೋಡಿದೆ. ಒಂದು ಮೇಲ್ಮೈಯ ವಿಲಕ್ಷಣ ಬಿಂದುವನ್ನು ನಿಧಾನವಾಗಿ ಬದಲಾಯಿಸುತ್ತ ಹೋದಾಗ ಮಿಲ್ನರ್ ಸಂಖ್ಯೆಯೆಂಬ ಒಂದು ಅಂಕೆ ಬದಲಾಗದಿದ್ದರೆ ಆ ಬಿಂದುವಿನ ಟೊಪಾಲಜಿಯೂ ಬದಲಾಗದು ಎಂಬುದು ಪ್ರಮೇಯ. ಅದು ಎಲ್ಲ ಆಯಾಮಗಳಿಗೂ ಸಲ್ಲುತ್ತದೆ, ಒಂದನ್ನು ಬಿಟ್ಟು. ಅಲ್ಲಿ ಬಳಸಿದ ವಿಧಾನ ಎರಡು ಆಯಾಮದಲ್ಲಿ, ಎಂದರೆ ಮೇಲ್ಮೈಗಳಲ್ಲಿ ಮಾತ್ರ, ಕೆಲಸ ಮಾಡುವುದಿಲ್ಲ; ಲೇಖಕರು ಅದನ್ನು ಪ್ರಮೇಯದಲ್ಲಿಯೇ ಹೊರಗಿಟ್ಟು ಬರೆದಿದ್ದಾರೆ.